ರುಮಾಲು ಬಿಚ್ಚಿಸಿದ ಚರ್ಚು

ನಮ್ಮ ರಾಯದುರ್ಗದ ಚರ್ಚಿನ ಕತೆ ಅಂದರೆ ಜನ ಭಕ್ತಿಯಿಂದ ಕೇಳೋಕೆ ಕೂರ್ತಾರೆ. ನನಗೋ ನೆನಪಿರೋದೆಲ್ಲ ಎದೆ ಧಸಕ್ಕೆಂದದ್ದೇ. ಪಾಯ ತೋಡಿದ ದಿನದಿಂದ ಅಲ್ಲಿ ಏನಾದರೊಂದು ಆಗುತ್ತಲೇ ಇತ್ತು. ಒಂದು ಸಲವಂತೂ ನನ್ನ ಮದುವೆಯೇ ನಿಂತುಹೋಗುವುದರಲ್ಲಿತ್ತು.

ಚಾವಣಿಗಿಂತ ಮೊದಲು ಬಂದ ಊರು

ಮದ್ರಾಸು ಸರ್ಕಾರದ ಕಾಲ. ಚರ್ಚಿಗೆ ಸಿಕ್ಕಿದ್ದು ಊರ ಹೊರಗಿನ ಜಾಲಿಮುಳ್ಳಿನ ಬಯಲು. ಗಾರೆ ಕೆಲಸದ ನಮ್ಮಪ್ಪ ಪಾಯ ತೋಡುವಾಗ ಎಣ್ಣೆ ವ್ಯಾಪಾರಿಯೊಬ್ಬ ದಿನಾ ಬಂದು ನಗುತ್ತಿದ್ದ: "ಹಾವಿಗೆ ಪ್ರಾರ್ಥನೆ ಕಲಿಸ್ತೀಯೇನಪ್ಪ ಮೇಸ್ತ್ರಿ?"

ಗೋಡೆ ಏಳೋಕೇ ವರ್ಷಗಳು ಹಿಡಿದವು. ಅಷ್ಟರಲ್ಲಿ ರೈಲು ಬಂತು, ಸಂತೆ ಈ ಕಡೆ ಸರಿಯಿತು, ಸುತ್ತ ಮನೆಗಳೆದ್ದವು. ಒಂದು ದಿನ ಅದೇ ವ್ಯಾಪಾರಿ ಸಿಟ್ಟಾಗಿ ಬಂದ. ಚರ್ಚಿನ ಗೋಡೆ ಅವನ ಹೊಸ ಅಂಗಡಿಗೆ ಅಡ್ಡವಂತೆ.

"ಬ್ಯಾರೆ ಜಾಗ ಇರಲಿಲ್ಲೇನು? ನಡು ಊರಾಗ ತಂದು ಯಾಕ ಕಟ್ಟಿದಿ?"

ಅಪ್ಪನ ಕೈಯ ಕರಣೆ ಕೆಳಗೆ ಬಿತ್ತು.

ಬೂಟು, ರುಮಾಲು

ಅಲ್ಲಿವರೆಗೆ ಮರದ ಕೆಳಗೇ ಪ್ರಾರ್ಥನೆ. ಚಾವಣಿಯಾದ ಮೇಲಿನ ಮೊದಲ ಭಾನುವಾರ ನಮ್ಮ ಗಂಡಸರು ಚಪ್ಪಲಿ ಹೊರಗೆ ಬಿಟ್ಟು, ರುಮಾಲು ಸುತ್ತಿಕೊಂಡು ಒಳಗೆ ಬಂದರು. ಪಾದ್ರಿ ದೊರೆ ಟೋಪಿ ತೆಗೆದು, ಬೂಟು ಹಾಕಿಕೊಂಡು ಬಂದರು. ಅವರ ಕಾಲು ನೋಡಿ ನಮಗೆ ಗಾಬರಿ, ನಮ್ಮ ತಲೆ ನೋಡಿ ಅವರಿಗೆ ಗಾಬರಿ.

"ದೇವರ ಮುಂದೆ ರುಮಾಲು ತೆಗೆಯಬೇಕು," ಅಂದರು ದೊರೆ.

ನಮ್ಮಲ್ಲಿ ಗಂಡಸು ನಾಲ್ಕು ಜನರ ಮುಂದೆ ರುಮಾಲು ಬಿಚ್ಚುವುದು ಮನೆಯಲ್ಲಿ ಸಾವಾದಾಗ ಮಾತ್ರ. ಅಪ್ಪ ಎದ್ದು ನಿಂತ. "ನಮ್ಮವ್ವ ಇನ್ನಾ ಗಟ್ಟಿ ಅದಾಳ್ರಿ ಅಯ್ಯಗಾರ್ರ. ಅಲ್ಲೇ ಕುಂತಾಳ ನೋಡ್ರಿ."

ಕುಂತಿದ್ದ ನಮ್ಮಜ್ಜಿಯೇ ನ್ಯಾಯ ಹೇಳಿದಳು: "ನೀವು ಬೂಟು ಬಿಡ್ರಿ, ಇವರು ರುಮಾಲು ಬಿಡ್ತಾರ."

ದೊರೆ ಬೂಟು ಬಿಚ್ಚಿದರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. ಅಜ್ಜಿ ಮೂಗಿನ ಮೇಲೆ ಬೆರಳಿಟ್ಟಳು. "ಅಯ್ಯ, ನನ್ನ ಸೊಸಿಯಂಗ ಇವರ ಹೆಂಡ್ತಿಗೂ ಸೂಜಿ ಹಿಡಿಯಾಕ ಬರಂಗಿಲ್ಲ."

ನನ್ನ ಮದುವೆ

ಆ ಚರ್ಚಿನಲ್ಲಿ ಮೊದಲ ಮದುವೆ ನನ್ನದೇ. ಗಂಡಿನವರು ಮಡಕಶಿರಾ ಕಡೆ ರೊಳ್ಳದವರು. ಅಲ್ಲಿ ಇನ್ನೂ ಹುಣಸೆ ಮರದ ಕೆಳಗೇ ಪ್ರಾರ್ಥನೆ, ರುಮಾಲು ತಲೆಯ ಮೇಲೇ. ಗಂಡಿನ ತಾತನಿಗೆ ಜ್ವರ, ಹಿಂದಿನ ಗಾಡಿಯಲ್ಲಿ ನಿಧಾನಕ್ಕೆ ಬರ್ತಾರೆ ಅಂದಿದ್ದರು.

ಪ್ರಾರ್ಥನೆ ಶುರುವಾಗುತ್ತಲೇ ನಮ್ಮ ಗಂಡಸರೆಲ್ಲ ಹೊಸ ರೂಢಿಯಂತೆ ಒಟ್ಟಿಗೆ ರುಮಾಲು ಬಿಚ್ಚಿದರು. ಗಂಡಿನ ತಾಯಿ, ಅಂದರೆ ನಮ್ಮತ್ತೆ, ಅದನ್ನು ನೋಡಿ ಕಿಟಾರನೆ ಕಿರುಚಿದಳು: "ಮಾವಯ್ಯ ಹೋಗ್ಬುಟ್ರಲ್ಲಪ್ಪೋ."

ಸುದ್ದಿ ಬಂದಿರಬೇಕೆಂದು ಗಂಡಿನ ಕಡೆಯವರೂ ರುಮಾಲು ತೆಗೆದರು. ಅವರ ಹೆಂಗಸರು ಎದೆ ಬಡಿದುಕೊಂಡು ಅತ್ತರು. ಅವರು ಅತ್ತದ್ದು ನೋಡಿ ನಮ್ಮವರೂ ಅತ್ತರು. ಗಂಡಿನ ದೊಡ್ಡಪ್ಪ ಕೈ ಎತ್ತಿದ. "ಸೂತಕದಾಗೆ ಮದ್ವೆ ಬ್ಯಾಡ. ವರ್ಷ ಕಳೀಲಿ."

ಹುಡುಗನ ಸೋದರತ್ತೆಯ ಮಗಳು ಎದುರಿಗೇ ಕೂತಿದ್ದಳು. ವರ್ಷ ಕಳೆದರೆ ಈ ಗಂಡು ಅವಳ ಪಾಲು.

ಆಗ ಬಾಗಿಲಲ್ಲಿ ಕೋಲೂರಿಕೊಂಡು ತಾತನೇ ಬಂದ. ಅಳು ಗಪ್ಪೆಂದು ನಿಂತಿತು. ತಾತ ಎಲ್ಲರ ಬರಿ ತಲೆ ನೋಡಿದ, ಒದ್ದೆ ಕಣ್ಣು ನೋಡಿದ. ಮೆಲ್ಲಗೆ ತನ್ನ ರುಮಾಲನ್ನೂ ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಸೊಸೆಯ ಹತ್ತಿರ ಬಗ್ಗಿದ.

"ಯಾರಮ್ಮ ಹೋದೋರು? ಒಳ್ಳೆ ಮನ್ಸ ಇರ್ಬೇಕು, ಇಷ್ಟು ಜನ ಅಳ್ತಾವ್ರೆ."