ಮೋರಿ ಕಟ್ಟಿದೆ

ತಂತಿ ಮಾಸ್ತರರು ಬೆಳಿಗ್ಗೆ ಬಾಗಿಲು ತೆಗೆದಾಗ ಅವರ ಎಡಗಾಲಿನ ಚಪ್ಪಲಿ ಗೇಟಿನ ಕಡೆಗೆ ತೇಲಿಕೊಂಡು ಹೊರಟಿತ್ತು. ರಾತ್ರಿಯ ಮಳೆಗೆ ಬೀದಿಯೆಲ್ಲ ಕೆರೆಯಾಗಿತ್ತು. ಮೋರಿಯಲ್ಲಿ ಹೂಳು, ಪ್ಲಾಸ್ಟಿಕ್ಕು, ಯಾರದೋ ಹಳೇ ದಿಂಬು ಎಲ್ಲ ಸೇರಿ ಸಂಸಾರ ಹೂಡಿದ್ದವು. ನೀರು ಎಲ್ಲರ ಮನೆಯ ಮೆಟ್ಟಿಲ ತನಕ ಬಂದು, ಒಳಗೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿತ್ತು.

ಮಾಸ್ತರರದು ಬೀದಿಯ ಕೊನೆಯ ಮನೆ, ಎಲ್ಲಕ್ಕಿಂತ ತಗ್ಗಿನದು. ಅದರ ಹಿಂದೆ ಒಂದು ದೊಡ್ಡ ಹೊಂಡ. ಬೀದಿಯ ನೀರು ಹೇಗೋ ತೆವಳಿಕೊಂಡು ಹೋಗಿ ಆ ಹೊಂಡಕ್ಕೆ ಬೀಳುತ್ತಿದ್ದುದರಿಂದಲೇ ಅವರ ಮನೆ ಇನ್ನೂ ಮನೆಯಾಗಿ ಉಳಿದಿತ್ತು. ಈಗ ಆ ಹೊಂಡಕ್ಕೆ ಮಣ್ಣು ತುಂಬಿ, ಮೇಲೆ ಸಾಲು ಅಂಗಡಿ ಎಬ್ಬಿಸಲು ಒಬ್ಬ ಬಿಲ್ಡರ್ ಅರ್ಜಿ ಹಾಕಿದ್ದ. ಆಕ್ಷೇಪಣೆ ಇದ್ದವರು ಇವತ್ತೇ ಪುರಸಭೆಗೆ ಬಂದು ಹೇಳಬೇಕಿತ್ತು.

"ಮಾಸ್ತ್ರೇ, ನೀವೇ ಹೋಗ್ಬೇಕು," ಎಂದ ಎದುರು ಮನೆಯ ಟೈಲರ್, ಮಂಡಿಯವರೆಗೆ ಪ್ಯಾಂಟು ಮಡಚಿಕೊಂಡು ನೀರಲ್ಲಿ ನಿಂತು.

"ವಕೀಲರಿದ್ದಾರಲ್ಲ?"

"ಅವ್ರು ಬೇಡವೇ ಬೇಡ! ಹೋದ್ಸಲ ಬೀದಿ ದೀಪ ಕೇಳೋಕೆ ಹೋದಾಗ, ಇವರ ಪೀಠಿಕೆ ಮುಗಿಯೋದ್ರೊಳಗೆ ಸಾಹೇಬ್ರು ಊಟಕ್ಕೆ ಎದ್ದು ಹೋದ್ರು. ನೀವಾದ್ರೆ ಚುಟುಕಾಗಿ ಹೇಳ್ತೀರ."

ಪಕ್ಕದಲ್ಲೇ ನಿಂತಿದ್ದ, ಬೀದಿಯ ಎತ್ತರದ ಮನೆಯ ವಕೀಲರು ಮುಖ ಊದಿಸಿಕೊಂಡರು. ಆದರೆ ಮಾತು ಸುಳ್ಳಲ್ಲ.

ಮಾಸ್ತರರು ಸರ್ವೀಸೆಲ್ಲ ತಂತಿ ಕಚೇರಿಯಲ್ಲಿ ಕಳೆದವರು. ಊರವರ ಸುಖದುಃಖವನ್ನೆಲ್ಲ ಮೊಟಕು ಮಾಡಿ ಕಳಿಸುವುದೇ ಅವರ ಕಸುಬು. ತಂತಿ ನಿಂತು ಹೋದರೂ ಆ ಚಾಳಿ ನಿಲ್ಲಲಿಲ್ಲ. ಹಿಂದೆ ಮಗಳು ಹುಟ್ಟಿದಾಗ "ಹೆಣ್ಣು, ಇಬ್ಬರೂ ಕ್ಷೇಮ" ಎಂದು ಮಾವನಿಗೆ ತಂತಿ ಕೊಡಲು ಹೊರಟವರು, ಕ್ಷೇಮವಿಲ್ಲದಿದ್ದರೆ ತಾನೇ ಹೇಳಬೇಕು ಎಂದು ಕೊನೆಯ ಪದವನ್ನು ಹೊಡೆದು ಹಾಕಿದ್ದರು. ಮಾವ ಎರಡು ತೊಟ್ಟಿಲು ಹೊತ್ತು ತಂದಿದ್ದರು.

"ರೀ, ಇವತ್ತೊಂದಿನ ಬಾಯ್ತುಂಬ ಮಾತಾಡ್ರಿ. ಇದು ನಮ್ಮ ಮನೆ ಪ್ರಶ್ನೆ," ಎಂದು ಹೆಂಡತಿ ಒಣಗಿದ ಚಪ್ಪಲಿ ಹುಡುಕಿ ಕೊಟ್ಟರು.

"ಹೂಂ," ಎಂದರು ಮಾಸ್ತರರು.

ದಾರಿಯುದ್ದಕ್ಕೂ ಅವರು ಭಾಷಣ ಸಿದ್ಧಪಡಿಸಿದರು. ಮೋರಿ ಕಟ್ಟಿದೆ. ನೀರು ನಿಂತಿದೆ. ಹೊಂಡವನ್ನೂ ಮುಚ್ಚಿದರೆ ಮುಳುಗಿ ಹೋಗುತ್ತೇವೆ. ಪುರಸಭೆಯ ಮೆಟ್ಟಿಲು ಹತ್ತುವಾಗ ಹಳೇ ಕೈ ಸುಮ್ಮನಿರಲಿಲ್ಲ. ಮುಳುಗುವ ವಿಷಯ ಯಾರಿಗೆ ತಾನೇ ಹೊಳೆಯುವುದಿಲ್ಲ? ಅದನ್ನು ಕತ್ತರಿಸಿದರು.

ಸಭೆಯಲ್ಲಿ ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಬಿಲ್ಡರ್. ಸರದಿ ಬಂದಾಗ ಮಾಸ್ತರರು ಎದ್ದರು.

"ಮೋರಿ ಕಟ್ಟಿದೆ. ನೀರು ನಿಂತಿದೆ," ಎಂದು ಹೇಳಿ ಕೂತರು.

ಅಧಿಕಾರಿಯ ಮುಖ ಅರಳಿತು. "ನೋಡಿ ಸ್ವಾಮಿ, ಎಂಥ ಸಜ್ಜನರು! ಮೋರಿ ಕಟ್ಟಿ ಆಯ್ತು, ನೀರು ಬರೋದೂ ನಿಂತುಹೋಯ್ತು ಅಂತ ತಾವಾಗೇ ಬಂದು ಹೇಳ್ತಿದ್ದಾರೆ. ಇಲ್ಲಿಗೆ ಬಂದು ಒಳ್ಳೇ ಮಾತಾಡಿದೋರು ನೀವೇ ಮೊದಲು!"

ಬಿಲ್ಡರ್ ಎದ್ದು ಬಂದು ಕೈ ಕುಲುಕಿದ. "ಆ ಮೋರಿ ನಾನು ಕಟ್ಟಿಸಿದ್ದಲ್ಲ. ಆದ್ರೂ ಥ್ಯಾಂಕ್ಸ್."

ಮಾಸ್ತರರು ಗಡಬಡಿಸಿ ಮತ್ತೆ ಎದ್ದರು. "ಅಯ್ಯೋ ಸಾರ್, ಕಟ್ಟಿದೆ ಅಂದ್ರೆ ಕಟ್ಟಿದ್ದಲ್ಲ. ಕಟ್ಟಿರೋದು!"

"ಅದನ್ನೇ ಬರ್ಕೊಂಡೆ."

"ಮೂಗು ಕಟ್ಟುತ್ತಲ್ಲ, ಹಾಗೆ!"

"ನೆಗಡಿ ಬೇರೆ ಆಗಿದ್ಯಾ? ಪಾಪ, ಮನೆಗೆ ಹೋಗಿ ಮಲ್ಕೊಳ್ಳಿ."

ಜೀವಮಾನವಿಡೀ ಉಳಿಸಿಟ್ಟ ಮಾತನ್ನೆಲ್ಲ ಮಾಸ್ತರರು ಅಲ್ಲೇ ಸುರಿದರು. ಹೂಳು, ದಿಂಬು, ತೇಲುವ ಚಪ್ಪಲಿ, ಎಲ್ಲ ಬಂತು. ಅಧಿಕಾರಿಗೆ ತಲೆ ಕೆಟ್ಟುಹೋಯಿತು.

"ಮೊದಲು ಹೇಳಿದ್ದು ನಿಜವೋ, ಈಗ ಹೇಳ್ತಿರೋದು ನಿಜವೋ? ಮಧ್ಯಾಹ್ನ ನಾನೇ ಬಂದು ಮೋರಿ ನೋಡ್ತೀನಿ. ನೀರು ಹೋಗದೆ ನಿಂತಿದ್ರೆ ಈ ಅರ್ಜಿ ವಜಾ. ಸರೀನಾ?"

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಹೊರಗೆ ಬಂದವರೇ ಹೆಂಡತಿಗೆ ಫೋನು ಹಚ್ಚಿದರು. "ಸಾಹೇಬ್ರು ಬರ್ತಿದ್ದಾರೆ. ಮೋರಿ ನೋಡೋಕೆ." ಅಷ್ಟು ಹೇಳಿ ಇಟ್ಟುಬಿಟ್ಟರು. ಇನ್ನು ಹೇಳುವುದು ಏನಿತ್ತು?

ಮಧ್ಯಾಹ್ನ ಅಧಿಕಾರಿಯ ಕಾರಿನಲ್ಲಿ ಮುಂದಿನ ಸೀಟಿನಲ್ಲೇ ಕೂತು ಬೀದಿಗೆ ಬಂದ ಮಾಸ್ತರರಿಗೆ, ಬೀದಿ ತಮ್ಮದೇ ಹೌದೋ ಅಲ್ಲವೋ ಎಂದು ಅನುಮಾನ ಬಂತು. ಕೆರೆ ಮಾಯ. ಮೋರಿ ಊಟಕ್ಕೆ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಟೈಲರ್ ದಿಂಬನ್ನು ಹೊತ್ತೊಯ್ಯುತ್ತಿದ್ದ. ವಕೀಲರು ಚಡ್ಡಿಯಲ್ಲಿ ಮೋರಿಯೊಳಗೆ ನಿಂತು ಕೊನೆಯ ಬುಟ್ಟಿ ಹೂಳು ಎತ್ತುತ್ತಿದ್ದರು. ಎಲ್ಲರ ಮೇಲೂ ಯಜಮಾನಿಕೆ ಮಾಡುತ್ತ ಗುದ್ದಲಿ ಹಿಡಿದು ನಿಂತಿದ್ದವರು ಸಾಕ್ಷಾತ್ ಮಾಸ್ತರರ ಹೆಂಡತಿ.

"ಏನಿದು?" ಮಾಸ್ತರರು ಕಾರಿನಿಂದ ಇಳಿದು ಕೇಳಿದರು.

"ದೊಡ್ಡೋರು ಬರ್ತಾರೆ ಅಂದ್ರೆ ಆ ಗಲೀಜು ತೋರ್ಸೋಕಾಗುತ್ತೇನ್ರೀ? ಬೀದಿ ಮಾನ ಏನಾಗ್ಬೇಕು? ಬೆನ್ನು ಬಿದ್ದುಹೋಯ್ತು, ಒಂದು ಭೇಷ್ ಆದ್ರೂ ಅನ್ನಿ!"

ಭೇಷ್ ಅಂದವರು ಅಧಿಕಾರಿ. ನೀರು ಗುಳುಗುಳು ಎನ್ನುತ್ತ ನೇರವಾಗಿ ಹೊಂಡಕ್ಕೆ ಓಡುತ್ತಿತ್ತು.

"ಸಾರ್, ಈ ನೀರು ಹೋಗ್ತಿರೋದೇ ಆ ಹೊಂಡಕ್ಕೆ. ಅದನ್ನ ಮುಚ್ಚಿದ್ರೆ ಇದೆಲ್ಲ ನಮ್ಮನೆಗೆ ನುಗ್ಗುತ್ತೆ," ಎಂದು ಮಾಸ್ತರರು ಒಂದು ಪದವನ್ನೂ ಬಿಡದೆ ಹೇಳಿದರು.

ಅಧಿಕಾರಿ ನೆರೆದವರತ್ತ ತಿರುಗಿದರು. "ಇವರೊಬ್ಬರ ಮಾತು ಬಿಡಿ. ಬೇರೆ ಯಾರಿಗಾದ್ರೂ ತೊಂದ್ರೆ ಇದ್ಯಾ?"

ಎಲ್ಲರೂ ತಮ್ಮ ತಮ್ಮ ಅಂಗಳ ನೋಡಿಕೊಂಡರು. ಒಣಗಿತ್ತು. ಹೊಂಡ ಮುಚ್ಚಿದರೆ ನೀರು ನಿಲ್ಲುವುದು ಕೊನೆಯ ಮನೆಯಲ್ಲಿ, ತಮ್ಮದು ಕೊನೆಯ ಮನೆಯಲ್ಲ ಎಂಬುದು ಅವರಿಗೆಲ್ಲ ಒಟ್ಟಿಗೇ ಹೊಳೆದಿರಬೇಕು. ಮಾಸ್ತರರು ಆಸೆಯಿಂದ ವಕೀಲರ ಮುಖ ನೋಡಿದರು. ಈ ಮನುಷ್ಯ ಬಾಯಿ ತೆರೆದರೆ ಸಂಜೆಯ ತನಕ ನಿಲ್ಲಿಸುವುದಿಲ್ಲ, ಮಾತಾಡಲಿ ದೇವರೇ ಎಂದುಕೊಂಡರು.

ವಕೀಲರು ಕೈಗಂಟಿದ ಕೆಸರು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡರು.

"ಇಲ್ಲ," ಎಂದರು.

"ಸಾಲು ಅಂಗಡಿಯಲ್ಲಿ ನಂಗೊಂದು ಮೂಲೆ ಮಳಿಗೆ ಸಿಗುತ್ತಾ ಸಾರ್?" ಎಂದು ಟೈಲರ್ ಅಧಿಕಾರಿಯನ್ನೇ ಕೇಳಿದ.

ಅಧಿಕಾರಿ ಅಲ್ಲೇ ಅರ್ಜಿಗೆ ಒಪ್ಪಿಗೆ ಬರೆದರು. ಬಿಲ್ಡರ್ ಚುರುಕು ಮನುಷ್ಯ. ಸಂಜೆಯೊಳಗೆ ಮೊದಲ ಲಾರಿ ಮಣ್ಣು ಬಂದು ಮೋರಿಯ ಬಾಯಿಗೇ ಬಿತ್ತು. ಅದರ ಹಿಂದೆಯೇ ಮಳೆ. ಇಷ್ಟು ದಿನ ತೆವಳುತ್ತಿದ್ದ ನೀರು ಇಡೀ ಬೀದಿಯಿಂದ ಅಡೆತಡೆಯಿಲ್ಲದೆ ಓಡಿ ಬಂದು, ಮಣ್ಣಿಗೆ ಢಿಕ್ಕಿ ಹೊಡೆದು, ಪಕ್ಕಕ್ಕೆ ಹೊರಳಿ, ಮಾಸ್ತರರ ನಡುಮನೆಗೆ ನುಗ್ಗಿತು.

ತಮ್ಮ ಎತ್ತರದ ಮನೆಯ ಒಣ ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತ ವಕೀಲರು ಉತ್ಸಾಹದಿಂದ ಕೂಗಿದರು: "ಮಾಸ್ತ್ರೇ, ನೀರು ಎಷ್ಟು ಚೆನ್ನಾಗಿ ಹರೀತಿದೆ ನೋಡಿದ್ರಾ? ಎಲ್ಲ ನಿಮ್ಮ ಹೆಂಡ್ತಿ ಪುಣ್ಯ!"

ಹಾಸಿಗೆಯ ಒಂದು ತುದಿ ಮಾಸ್ತರರ ಕೈಯಲ್ಲಿತ್ತು, ಇನ್ನೊಂದು ತುದಿ ಹೆಂಡತಿಯ ಕೈಯಲ್ಲಿ. ಊಟದ ಮೇಜಿನ ಮೇಲೆ ಅದನ್ನು ಹೇಗೆ ಏರಿಸುವುದೆಂದು ಇಬ್ಬರೂ ಜೋರಾಗಿ ಜಗಳವಾಡುತ್ತಿದ್ದರು.