ಟವೆಲ್ ಕೆಳಗಿನ ಪಾಂಡವರು

ಇದನ್ನು ಬರೆಯಲೆಂದು ಮೂರು ಡೈರಿ ಕೊಂಡಿದ್ದೆ. ಒಂದರಲ್ಲಿ ನನ್ನ ರಕ್ತದೊತ್ತಡ ತುಂಬಿತು, ಇನ್ನೊಂದರಲ್ಲಿ ಹೆಂಡತಿಯ ಉಪ್ಪಿನಕಾಯಿ. ಮೂರನೆಯದು ಖಾಲಿ ಇದೆ. ಇನ್ನು ನೆಪ ಉಳಿದಿಲ್ಲ.

ಕಾಚಿಗೂಡದ ಬಟ್ಟೆ ಅಂಗಡಿಯಲ್ಲಿ ನಲವತ್ತು ವರ್ಷ ಗಜಕೋಲು ಹಿಡಿದವನು ನಾನು. ಕೆಲಸ ಬಿಟ್ಟ ಮೇಲೆ ಪಟಾನ್‌ಚೆರು ದಾಟಿ ಅರ್ಧ ಎಕರೆ ಕೊಂಡೆ. ಹಿಂದೆ ಅಲ್ಲಿ ಕಾರ್ಖಾನೆಯ ಲಾರಿಗಳು ನಿಲ್ಲುತ್ತಿದ್ದವು. ನೆಲ ಎಷ್ಟು ಗಟ್ಟಿಯೆಂದರೆ, ಮೆಂತ್ಯ ಬಿತ್ತಲು ಹೋಗಿ ಗುದ್ದಲಿಯೇ ಬಾಗಿತು.

"ಸಬ್‌ಸಾಯ್ಲರ್ ತರಿಸ್ತೀನಿ," ಎಂದು ಘೋಷಿಸಿದೆ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ಒಂದೇ ಉದ್ದ ಹಲ್ಲಿನ ಉಪಕರಣ ಅದು. ಮಣ್ಣನ್ನು ಮಗುಚದೆ ಒಳಗಿನಿಂದಲೇ ಬಿರಿಸುತ್ತದೆ. ಮೊಬೈಲಿನಲ್ಲಿ ಹನ್ನೊಂದು ವಿಡಿಯೊ ನೋಡಿದ್ದೆ. ಕಲಿಯುವುದು ಇನ್ನೇನಿತ್ತು?

ಬಾಡಿಗೆ ಟ್ರ್ಯಾಕ್ಟರಿನ ಡ್ರೈವರ್ ಬೀದರ್ ಕಡೆಯವನು. ಬಂದವನೇ ಹೇಳಿದ: "ಕಾಕಾ, ಜರಾ ಹುಷಾರ್ ಇರ್ರಿ. ಹೋದ ತಿಂಗಳ ಒಂದು ಹಲ್ಲ ಮುರದದ. ಇನ್ನೊಂದ್ ಸಲ ಏನರೆ ಆದ್ರ ಚಾವಿ ಇಟ್ಟು ನಡಿ ಅಂದಾನ ಮಾಲಕ."

"ನಾ ಅದೀನಲ್ಲಪಾ," ಎಂದೆ.

ಟ್ರ್ಯಾಕ್ಟರಿನ ಹಿಂಬದಿಯ ಕೆಳಗಿನ ಎರಡು ತೋಳು ಮೊದಲು ಸಿಕ್ಕಿಸಬೇಕು, ಆಮೇಲೆ ಮೇಲಿನ ಸರಳು. ನಾನು ಹಟ ಹಿಡಿದು ಮೇಲಿನದನ್ನೇ ಮೊದಲು ಸಿಕ್ಕಿಸಿದೆ. ಉಪಕರಣ ನಮಸ್ಕಾರ ಹಾಕಿದಂತೆ ಮುಂದಕ್ಕೆ ವಾಲಿತು. ಬಿಚ್ಚಿ ಮತ್ತೆ ಕಟ್ಟಿದೆವು. ತೋಳಿಗೆ ಹಾಕುವ ಪಿನ್ನನ್ನು ಜೇಬಿನಲ್ಲಿಟ್ಟುಕೊಂಡು ಅರ್ಧ ಗಂಟೆ ಹೊಲವೆಲ್ಲ ಹುಡುಕಿಸಿದವನೂ ನಾನೇ.

"ನಿಮ್ಮ ವಿಡಿಯೊದಾಗ ಇದು ಇರಲಿಲ್ಲೇನ್ರಿ?" ಎಂದಳು ಹೆಂಡತಿ ಶಾಂತಾ.

ಪೂಜೆಯಿಲ್ಲದೆ ಕಬ್ಬಿಣ ನೆಲಕ್ಕಿಳಿಯಬಾರದು. ನಮ್ಮ ಬಾಗಲಕೋಟೆ ಕಡೆ ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುತ್ತೇವೆ. ಕಲ್ಲು ಹುಡುಕಲು ಹೊರಟವನಿಗೆ ಸುಣ್ಣ ಹಚ್ಚಿದವೇ ಐದು, ಸಾಲಾಗಿ, ಹೊಲದ ನಡುವೆಯೇ ಸಿಕ್ಕವು. ದೇವರ ಕೃಪೆ! ಡ್ರೈವರ್ ನಟ್ಟು ಬಿಗಿಯುತ್ತಿದ್ದಾಗ ಅವನ್ನು ಕಿತ್ತು, ಬೇವಿನ ಮರದ ಹಿಂದೆ ಕೂರಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದೆ.

ಸೀಟು ಹತ್ತುತ್ತ ಅವನು ಕೇಳಿದ: "ಕಾಕಾ, ನೆಲದಾಗ ಪೈಪ್ ಗಿಯಿಪ್ ಅವಾ? ಪೈಪ್ ಇದ್ದಲ್ಲಿ ಈ ಕಡಿ ಮಂದಿ ಸುಣ್ಣದ ಕಲ್ಲ ಇಡ್ತಾರ."

ನಾನು ಬೇವಿನ ಮರದ ಕಡೆ ತಿರುಗಿ ನೋಡಿದೆ. ಆದರೆ ಕುಂಕುಮ ಹಚ್ಚಿಸಿಕೊಂಡು ಕೂತ ಪಾಂಡವರಿಗೆ ಏಳಿ ಎನ್ನುವುದು ಹೇಗೆ? ಅದೂ ಶಾಂತಾಳ ಎದುರಿಗೆ?

"ಒಂದೂ ಕಲ್ಲಿಲ್ಲ. ಹೊಡಿ," ಎಂದೆ. ಸುಳ್ಳಲ್ಲ. ಆಗ ಒಂದೂ ಉಳಿದಿರಲಿಲ್ಲ.

ಒಂದಡಿ ಆಳ ಸಾಕು ಎಂದ. ನಾನು ಗಜಕೋಲು ಊರಿ ಒಂದೂವರೆ ಎಂದೆ. ಮೂರನೆಯ ಸಾಲಿನಲ್ಲಿ ನೆಲ ಕೆಮ್ಮಿತು. ಮರುಕ್ಷಣ ನೀರು ಟ್ರ್ಯಾಕ್ಟರಿಗಿಂತ ಎತ್ತರ ಚಿಮ್ಮಿತು. ಪೈಪು ಪಕ್ಕದ ಹೊಲದ ಲಕ್ಷ್ಮಮ್ಮನದು; ತನ್ನ ಪಾಲಕ್ ಸೊಪ್ಪಿಗೆ ಬರುವ ನೀರು ನಿಂತುಹೋದದ್ದು ಕಂಡು ಓಡಿ ಬಂದಳು.

"ನಾ ರಾಳ್ಳು ಏಡ ಪೋಯಿನಯ್?" ನನ್ನ ಕಲ್ಲು ಎಲ್ಲಿ ಹೋದವು?

ನಾನು ಮೆಲ್ಲನೆ ಬೇವಿನ ಹಿಂದೆ ಸರಿದು, ಪಾಂಡವರ ಮೇಲೆ ಹೆಗಲ ಟವೆಲ್ ಹೊದಿಸಿದೆ.

ಲಕ್ಷ್ಮಮ್ಮ ಫೋನ್ ಮಾಡಿದ್ದಕ್ಕೆ ಟ್ರ್ಯಾಕ್ಟರ್ ಮಾಲೀಕ ಬೈಕಿನಲ್ಲಿ ಬಂದ. "ಪತ್ಥರ್ ನಹೀಂ ದೇಖಾ ಕ್ಯಾ?" ಕಲ್ಲು ಕಾಣಲಿಲ್ಲವೇನೋ ಎಂದು ಡ್ರೈವರನನ್ನು ಗದರಿದ.

"ಇರಲೇ ಇಲ್ಲರಿ ಸೇಠ್. ಕಾಕಾಗೂ ಕೇಳೀನಿ."

ಎಲ್ಲರೂ ನನ್ನ ಕಡೆ ತಿರುಗಿದರು. "ನಾ ಪೂಜಾದಾಗ ಇದ್ದೆ," ಎಂದೆ. "ನೋಡಲಿಲ್ಲ."

ಡ್ರೈವರ್ ನನ್ನ ಕಾಲ ಬಳಿಯ ಟವೆಲ್ ನೋಡಿದ. ಅದರ ಮೇಲೆ ಕುಂಕುಮದ ಐದು ಕಲೆ ಮೂಡಿದ್ದವು. ಚಾವಿಯನ್ನು ಬಾನೆಟ್ ಮೇಲಿಟ್ಟ. ಟವೆಲ್ಲಿಗೆ ಕೈಮುಗಿದ. ನಡೆದುಹೋದ.

ಮರುದಿನ ಪೈಪು ಜೋಡಿಸಿಕೊಟ್ಟು, ಕಲ್ಲುಗಳನ್ನು ಅವುಗಳ ಜಾಗಕ್ಕೆ ಇಟ್ಟೆ. ಮೆಂತ್ಯ ಸೊಂಪಾಗಿ ಬಂತು. ಶಾಂತಾ ಅದನ್ನು ಬಾಯಿಗೆ ಹಾಕಲಿಲ್ಲ. "ಆ ತಮ್ಮನ್ನ ಹುಡುಕ್ರಿ ಮೊದಲ," ಎಂದಳು. ಮಾಲೀಕನ ಮನೆ ಪಟಾನ್‌ಚೆರು ಬಸ್ ಸ್ಟಾಪಿಗೆ ಹತ್ತೇ ಹೆಜ್ಜೆ. ಕೇಳೋಣವೆಂದು ಎಷ್ಟೋ ಸಲ ಬಸ್ಸು ಹತ್ತಿದ್ದೇನೆ. ಒಂದು ಸಲವೂ ಅಲ್ಲಿ ಇಳಿದಿಲ್ಲ.

ಗಟ್ಟಿ ನೆಲ ಬಿರಿಸುವ ಉಪಕರಣ ನನಗೀಗ ಚೆನ್ನಾಗಿ ಗೊತ್ತು. ಅದನ್ನು ಇಳಿಸಬೇಕಾಗಿದ್ದದ್ದು ಹೊಲಕ್ಕಲ್ಲ, ನನ್ನೊಳಕ್ಕೆ. ಇಷ್ಟು ಹೊತ್ತು ಬರೀ ಡ್ರೈವರ್, ಡ್ರೈವರ್ ಎಂದು ಬರೆದೆನಲ್ಲ, ಅದೂ ಒಂದು ಟವೆಲ್ಲೇ. ತೆಗೆಯುತ್ತೇನೆ.

ಅವನ ಹೆಸರು ಮಾಣಿಕಪ್ಪ.