ಟಕ್ ಎನ್ನುವ ಸವತಿ

ನಿವೃತ್ತರಾದ ಗಂಡಸರು ತಾಳಮದ್ದಳೆಗೆ ಹೋಗುತ್ತಾರೆ, ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾರೆ. ನಮ್ಮ ಮನೆಯವರಾದ ಶ್ರೀಮಾನ್ ಯಜ್ಞೇಶ್ವರರು ಮಾತ್ರ, ದರ್ಬೆ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಮುಚ್ಚಿದ ಹೈದರ್ ಅವರಿಂದ ರೀಲು ಹಾಕುವ ಹಳೇ ಕ್ಯಾಮೆರಾ ಹೊತ್ತು ತಂದರು. (ಹೊತ್ತು ಎಂದೇ ಹೇಳಬೇಕು; ಅದರಲ್ಲಿ ತೆಂಗಿನಕಾಯಿ ಒಡೆಯಬಹುದು.)

“ಯುದ್ಧದ ಫೋಟೋ ತೆಗೆಯುವವರು ಸಹ ಇಂಥದ್ದನ್ನೇ ಹಿಡಿಯುದು. ಶಬ್ದ ಕೇಳು!” ಎಂದು ನನ್ನ ಕಿವಿಯ ಹತ್ತಿರ ‘ಟಕ್’ ಅನ್ನಿಸಿದರು. ಅಕ್ಕಿ ಮುಗಿಯಿತೆಂದರೆ ಕೇಳಿಸದ ಇವರ ಕಿವಿಗೆ ಆ ಟಕ್ ವೀಣಾವಾದನ. ದಿನಾ ಬ್ರಶ್ಶಿನಿಂದ ಧೂಳು ತೆಗೆಯುವ ಸೇವೆ ಬೇರೆ. ಸೆಕೆಗೆ ಕೆಡಬಾರದೆಂದು ರೀಲಿಗೆ ಫ್ರಿಜ್ಜಿನಲ್ಲಿ, ದೋಸೆ ಹಿಟ್ಟಿನ ಪಕ್ಕದಲ್ಲೇ ಸಿಂಹಾಸನ.

ಮಗಳು ಚಿನ್ಮಯಿಯ ಸೀಮಂತ ಬಂತು. ನನಗೆ ಇದ್ದದ್ದು ಒಂದೇ ಆಸೆ: ಮಗಳ ಜೊತೆ ನನ್ನದೊಂದು ಒಳ್ಳೆಯ ಫೋಟೋ. ನಮ್ಮ ಮನೆಯ ಯಾವ ಸಮಾರಂಭದ ಫೋಟೋದಲ್ಲೂ ನಾನಿಲ್ಲ, ಬಡಿಸುವ ನನ್ನ ಕೈ ಮಾತ್ರ ಇದೆ.

“ಫೋಟೋದವರನ್ನು ಕರೆಯುವ,” ಎಂದೆ.

“ಮತ್ತೆ ನಾನು ಎಂತಕ್ಕೆ ಇರುದು?” ಎಂದರು.

ಸೀಮಂತದ ದಿನ ಬೆಳಿಗ್ಗೆಯಿಂದ ಒಂದು ಕಣ್ಣು ಮುಚ್ಚಿಕೊಂಡೇ ಓಡಾಟ. ಕಿಟಕಿ ತೆರೆಸಿದರು, ಮುಚ್ಚಿಸಿದರು. ಆರತಿ ಎತ್ತಿದವರ ಕೈ ಸೋತು ಹೋದರೂ ಟಕ್ ಇಲ್ಲ. ನಾನು ಬೆನ್ನು ತಿರುಗಿಸಿದ ಮೇಲೆ ಎಲ್ಲಿಂದಲೋ ಟಕ್!

ಪಾಯಸಕ್ಕೆ ಹಾಲು ತೆಗೆಯಲು ಫ್ರಿಜ್ ತೆರೆದರೆ, ರೀಲು ಇನ್ನೂ ತೆರೆಯದ ಡಬ್ಬಿಯಲ್ಲಿ ಹಾಗೇ ಕೂತಿದೆ. ಅಂದರೆ ಕ್ಯಾಮೆರಾದ ಹೊಟ್ಟೆ ಖಾಲಿ! ನನ್ನ ಫೋಟೋ ಹೋಯಿತೆಂಬ ಸಂಕಟಕ್ಕಿಂತ ಇವರು ಸಿಕ್ಕಿಬಿದ್ದರೆಂಬ ಖುಷಿಯೇ ಹೆಚ್ಚಾಯಿತು.

ಅಂಗಳದಲ್ಲಿ ನೆಂಟರ ನಡುವೆ ನಿಂತಿದ್ದ ಇವರ ಕೈಯಿಂದ ಕ್ಯಾಮೆರಾ ಕಿತ್ತುಕೊಂಡೆ. “ಎಲ್ಲರೂ ನೋಡಿ, ಇವರ ಪರಾಕ್ರಮ!”

“ತೆರೀಬೇಡ ಮಾರಾಯ್ತಿ!”

ಅಷ್ಟರಲ್ಲಿ ಕ್ಯಾಮೆರಾದ ಹಿಂಬಾಗಿಲು ತೆರೆದಾಗಿತ್ತು. ಒಳಗೆ ಸುತ್ತಿಕೊಂಡಿದ್ದ ರೀಲು ಮಧ್ಯಾಹ್ನದ ಬಿಸಿಲಿಗೆ ಫಳಫಳ ಹೊಳೆಯಿತು.

“ಮತ್ತೆ ಫ್ರಿಜ್ಜಿನಲ್ಲಿ ಉಂಟಲ್ಲ?”

“ಅದು ಎರಡನೇದು. ಇದಕ್ಕೆ ಬೆಳಕು ಬಿತ್ತು, ಇನ್ನು ಎಂತ ಸಹ ಬರ್ಲಿಕ್ಕಿಲ್ಲ.”

“ಯಾರದ್ದಿತ್ತು ಅದರಲ್ಲಿ?”

“ನಿಂದೇ. ನೀನು ಮಗಳಿಗೆ ಹೂ ಮುಡಿಸಿದ್ದು, ಬಳೆ ತೊಡಿಸಿದ್ದು, ಅವಳ ಕೆನ್ನೆ ಹಿಡಿದು ನಗಾಡಿದ್ದು. ಎದುರು ನಿಲ್ಲಿಸಿದ್ರೆ ಮುಖ ಗಂಟು ಹಾಕ್ತಿ. ಅದಕ್ಕೇ ನಿನಗೆ ಗೊತ್ತಾಗದ ಹಾಗೆ ತೆಗೆದದ್ದು.”

ನನಗೆ ನಿಂತಲ್ಲೇ ಅಳು ಬಂತು. ಅಣ್ಣನ ಮಗ ವಿಷ್ಣುಪ್ರಸಾದ ಓಡಿ ಬಂದ. “ಬೇಜಾರು ಮಾಡ್ಬೇಡಿ ಅತ್ತೆ, ನನ್ನ ಮೊಬೈಲಲ್ಲಿ ನಿಮ್ಮದೊಂದು ಉಂಟು!”

ಇತ್ತು. ಕ್ಯಾಮೆರಾದ ಹೊಟ್ಟೆ ಬಗೆದು, ಬಾಯಿ ಅಗಲಿಸಿ ಗಹಗಹಿಸುತ್ತಿರುವ ನಾನು. ಪಕ್ಕದಲ್ಲಿ ತಲೆಗೆ ಕೈಹೊತ್ತ ಇವರು. ನನ್ನ ಮೊಣಕೈ ಹಿಂದೆ ಮಗಳ ಅರ್ಧ ಮುಖ. ಅಷ್ಟರಲ್ಲೇ ಅದು ಕುಟುಂಬದ ವಾಟ್ಸಾಪ್ ಗುಂಪಿಗೂ ಹೋಗಿತ್ತು. ಸೀಮಂತಕ್ಕೆ ಬರಲಾಗದ ಸವಣೂರಿನ ನಾದಿನಿಯ ಉತ್ತರ ಮೊದಲು ಬಂತು:

“ಅತ್ತಿಗೆ, ನಿಮ್ಮನ್ನು ಇಷ್ಟು ಖುಷಿಯಲ್ಲಿ ನೋಡಿಯೇ ಇಲ್ಲ. ಇದನ್ನೇ ಫ್ರೇಮು ಹಾಕಿಸಿ!”